ಅಮ್ಮನ ಕಡೆಯಿಂದ ಬಂದದ್ದು

ಕಳೆದ ತಿಂಗಳು ಹೊನ್ನಾವರದ ಹೋಟೆಲೊಂದರಲ್ಲಿ ಊಟ ಮುಗಿಸಿ ಕೈ ತೊಳೆಯಲು ಎದ್ದವಳು ಎಂಜಲು ಕೈಯಲ್ಲೇ ಹಿಂದಕ್ಕೆ ಓಡಿಬಂದೆ. ಬೇಸಿನ್ನಿನೊಳಗೆ ನಾಲ್ಕು ಬಿಳಿ ನುಸಿಗುಳಿಗೆಗಳಿದ್ದವು. ಆ ವಾಸನೆ ಮೂಗಿಗೆ ಬಡಿದರೆ ನಾನು ಇಂದಿಗೂ ಅಲ್ಲಿ ನಿಲ್ಲಲಾರೆ. ಏಳು ತಿಂಗಳ ಬಸುರಿ ಮಗಳು ನನ್ನ ಓಟ ನೋಡಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, "ಅಮ್ಮಾ, ನಮ್ಮ ಅತ್ತೆಗೆ ಯಾವಾಗ ಹೇಳ್ತಿ?"

"ಹೇಳ್ತೆ, ಹೇಳ್ತೆ" ಎಂದು ಲೋಟದ ನೀರಿನಲ್ಲೇ ಬೆರಳು ಅದ್ದಿಕೊಂಡೆ. ಊರಿಗೆಲ್ಲ ಬುದ್ಧಿ ಹೇಳುವ ನಾನು ಈ ಒಂದು ಮಾತನ್ನು ಮಗಳ ಮದುವೆಗೆ ಮೊದಲೇ ಬೀಗರಿಗೆ ಹೇಳಬೇಕಿತ್ತು, ಹೇಳಿರಲಿಲ್ಲ. ಯಾಕೆಂದು ನಿಮಗಾದರೂ ಹೇಳಿಬಿಡುತ್ತೇನೆ.

ಬಾಡ ಎಂಬ ಊರಿನ ನಮ್ಮ ತವರಿನಲ್ಲಿ ಆಗಷ್ಟೇ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಮನೆಯ ಹಿರಿಯಳು ಉಟ್ಟು ಉಟ್ಟು ಮೆತ್ತಗಾದ ಸೀರೆಯ ತುಂಡಿನಲ್ಲಿ ಸುತ್ತುತ್ತಾರೆ. ತೀರಿಹೋದ ಅಜ್ಜಿಯ ಎರಡು ಸೀರೆಗಳನ್ನು ಅಮ್ಮ ಅದಕ್ಕೆಂದೇ ಟ್ರಂಕಿನಲ್ಲಿಟ್ಟಿದ್ದಳು. ನುಸಿಗುಳಿಗೆ ಹಾಕುವಾಗ ಅಮ್ಮನ ಕೈ ಬಲು ಧಾರಾಳ, ಸಾರಿಗೆ ಕಾಯಿ ಹಾಕಿದ ಹಾಗೆ. ನನ್ನ ತಂಗಿ ಗಂಡು ಹೆತ್ತಾಗ ಆ ಸೀರೆ ಹೊರಬಂತು. ತಾನೇ ಕತ್ತರಿಸಿ, ತಾನೇ ಸುತ್ತಿ, ಅಮ್ಮ ಮೊಮ್ಮಗನನ್ನು ಮಡಿಲಿಂದ ಇಳಿಸಲೇ ಇಲ್ಲ.

ಮೂರನೆಯ ದಿನಕ್ಕೆ ಮಗುವಿನ ಕಣ್ಣು, ಅಂಗಾಲು ಎಲ್ಲ ಅರಿಸಿನ. ಹಾಲು ಕುಡಿಯುವುದನ್ನೂ ಬಿಟ್ಟಿತು. ಕುಮಟೆಯಿಂದ ಆಂಬುಲೆನ್ಸಿನಲ್ಲಿ ದೂರದ ದೊಡ್ಡ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಮಗುವಿನ ರಕ್ತವನ್ನೇ ಬದಲಿಸಬೇಕಾಯಿತು. ಮಗುವಿಗೆ ಸುತ್ತಿದ್ದ ಬಟ್ಟೆಯನ್ನು ಮೂಸಿ ನೋಡಿದ ಡಾಕ್ಟರಮ್ಮ ಅಮ್ಮನನ್ನು ಹತ್ತಿರ ಕೂರಿಸಿಕೊಂಡರು. ಕೆಂಪು ರಕ್ತಕಣಗಳನ್ನು ಕಾಯುವ ಒಂದು ಅಂಶ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕಡಿಮೆ ಇರುತ್ತದೆ, ನುಸಿಗುಳಿಗೆಯ ಗಾಳಿ ತಗುಲಿದರೂ ಅವರ ರಕ್ತ ಒಡೆಯುತ್ತದೆ ಎಂದರು. ಇದರ ಸೂಚನೆಯಿರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಹೆಣ್ಣಿಗೆ ಅದು ಎರಡು, ಒಂದು ಕೆಟ್ಟರೂ ಸಾಮಾನ್ಯವಾಗಿ ಇನ್ನೊಂದು ಸಂಭಾಳಿಸುತ್ತದೆ. ಗಂಡಿಗಿರುವುದು ಒಂದೇ, ಅದೂ ತಾಯಿ ಕೊಟ್ಟದ್ದು. "ಇದರಲ್ಲಿ ಯಾರದೂ ತಪ್ಪಿಲ್ಲ" ಎಂದೂ ಹೇಳಿದರು.

"ನನ್ನ ತಮ್ಮನೂ ಹುಟ್ಟಿದ ವಾರಕ್ಕೇ ಹೀಂಗೇ ಹಳದಿಯಾಗಿ ತೀರಿಹೋದ" ಎಂದಳು ಅಮ್ಮ. ಅಂದು ಜನ, ಬಾಳಂತಿ ಬಾಯಿಚಪಲಕ್ಕೆ ಹಲಸಿನಹಣ್ಣು ತಿಂದದ್ದೇ ಕಾರಣ ಎಂದಿದ್ದರಂತೆ. ಸಾಯುವವರೆಗೂ ಅಜ್ಜಿ ಹಲಸಿನಹಣ್ಣು ಮುಟ್ಟಲಿಲ್ಲ. "ಹಂಗಾರೆ ನಮ್ಮವ್ವಿ ಎಂತದೂ ಮಾಡ್ಲಿಲ್ಲ ಅಲ್ದಾ?" ಎಂದು ಕೇಳಿ ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಮಗು ಉಳಿಯಿತು. ಈಗ ನನ್ನ ಹೆಗಲೆತ್ತರ ಬೆಳೆದು ನನಗೇ ಎದುರುತ್ತರ ಕೊಡುತ್ತದೆ. ಅಜ್ಜಿಯನ್ನು ಕ್ಷಮಿಸಿದ ಅಮ್ಮ ಮಾತ್ರ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ಆಮೇಲೆ ಯಾರ ಮನೆಯ ಹಸುಗೂಸನ್ನೂ ಎತ್ತಿಕೊಳ್ಳಲಿಲ್ಲ. "ನನ್ನ ಕೈ ಬ್ಯಾಡ" ಎಂದು ಸೆರಗು ಹೊದ್ದು ಬಾಗಿಲಲ್ಲೇ ನಿಲ್ಲುತ್ತಿದ್ದಳು. ಜೊತೆಗೆ ನಮಗೆಲ್ಲ ಒಂದು ಕಟ್ಟಪ್ಪಣೆ: "ಹೊರಗೆ ಬಾಯಿ ಬಿಡೂದು ಬ್ಯಾಡ, ಹೆಣ್ಣುಮಕ್ಕಳ ಮದುವೆ ಆಗ್ಬೇಕು." ದೋಷ ನನ್ನಲ್ಲೂ ಇರಬಹುದು, ಮಗಳಲ್ಲೂ ಇರಬಹುದು. ಒಳ್ಳೆಯ ಸಂಬಂಧ ಬಂದಾಗ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಹೋಟೆಲಿನಿಂದ ಬಂದ ವಾರವೇ ಕುಮಟೆಯ ಬೀಗರ ಮನೆಯಲ್ಲಿ ಮಗಳ ಬಯಕೆ ಊಟ. ನಾನು ಮಾತು ಹೇಗೆ ತೆಗೆಯಲಿ ಎಂದು ಹೋಳಿಗೆ ಬಡಿಸುತ್ತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಜಗಲಿಯಲ್ಲಿ ಅಮ್ಮನ ದನಿ ಕೇಳಿಸಿತು. ಬೀಗತಿಯ ಎದುರು ನೆಟ್ಟಗೆ ಕೂತು ಹೇಳುತ್ತಿದ್ದಳು. "ತಂಗೀ, ನಮ್ಮ ಮನೆ ಹೆಣ್ಣುಮಕ್ಕಳ ರಕ್ತದಲ್ಲಿ ಒಂದು ಐಬು ಉಂಟು. ಮುಚ್ಚಿಟ್ಟೋಳು ನಾನು, ನನ್ನ ಮಗಳಿಗೆ ಎಂತದೂ ಅನ್ಬೇಡ. ಮಗು ಹುಟ್ಟಿದ ಕೂಡ್ಲೆ ಪರೀಕ್ಷೆ ಮಾಡ್ಸು." ತಮ್ಮನಿಂದ ಹಿಡಿದು ಮೊಮ್ಮಗನವರೆಗೆ ಒಂದನ್ನೂ ಬಿಡದೆ ಹೇಳಿದಳು.

ಬೀಗತಿ ತಲೆ ತಗ್ಗಿಸಿಯೇ ಹೇಳಿದರು. "ಅಮ್ಮಾ, ನಾವೂ ಒಂದು ಹೇಳ್ಲಿಲ್ಲ. ನನ್ನ ಅಪ್ಪನಿಗೆ ಕೆಂಪು ಹಸಿರು ಗೊತ್ತಾಗ್ತಿರ್ಲಿಲ್ಲ. ನನ್ನ ಮಗನಿಗೂ ಹಂಗೇ. ನನ್ನಿಂದ್ಲೇ ಹೋದದ್ದಂತೆ. ಹೆಣ್ಣು ಕೊಡೂದಿಲ್ಲ ಅಂದ್ರೆ ಅಂತ ಹೆದ್ರಿದೆ."

"ಅದ್ಕೇಯಾ!" ಒಳಗಿನಿಂದ ಮಗಳು ಕೂಗಿದಳು. "ಕಿವಿರು ಕೆಂಪಿದ್ದ ಬಂಗಡೆ ಮೀನು ತನ್ನಿ ಅಂದ್ರೆ ಇವ್ರು ದಿನಾ ಹಳಸಲೇ ತತ್ರು!"

ಮೊದಲು ನಕ್ಕವಳು ಅಮ್ಮ. ನಗುತ್ತಲೇ ಬೀಗತಿಯ ಕೈ ಹಿಡಿದಳು. ಹೆರಿಗೆಯ ಹೊತ್ತಿಗೆ ಬರುತ್ತೀರಲ್ಲ ಎಂದು ಅವರು ಕೇಳಿದಾಗ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಬತ್ತೆ. ಮಗೂನ ನಾನೇ ಎತ್ಕಣ್ತೆ" ಎಂದಳು.