ಗೋಲ್ ಕಂಬದ ತುಕ್ಕು

ನಮ್ಮ ಎಂಬಕಸಿ ಬಡಾವಣೆಯ ಹಾಕಿ ತಂಡವನ್ನು ದೂರದ ಮೊಂಬಾಸಾಕ್ಕೆ ಸಾಗಿಸುತ್ತಾರಂತೆ ಎಂಬ ಗಾಳಿಸುದ್ದಿ ಎದ್ದ ದಿನದಿಂದ ರುಡಾಲ್ಫ್ ಅಂಕಲ್‌ಗೆ ಊಟ ರುಚಿಸುತ್ತಿಲ್ಲ. ಅವರು ಆಟಗಾರರಲ್ಲ, ಕಮಿಟಿಯವರೂ ಅಲ್ಲ. ಕೆಳದರ್ಜೆಯ ಲೀಗಿನಲ್ಲಿ ಸೋಲುವುದನ್ನೇ ಕಸುಬು ಮಾಡಿಕೊಂಡಿರುವ ಈ ತಂಡದ ಒಂದು ಪಂದ್ಯವನ್ನೂ ತಪ್ಪಿಸದ, ಮಂಗಳೂರು ಕಡೆಯ ನಿವೃತ್ತ ಕಾರ್ಗೋ ಗುಮಾಸ್ತರು, ಅಷ್ಟೆ. ಮಟಾಟು ವ್ಯಾನಿನಿಂದ ಇಳಿದವರೇ ಏನಾದರೂ ಸುದ್ದಿ ಇದೆಯೇ ಎಂದು ಗೇಟಿನ ಕಾವಲುಗಾರನನ್ನು ಸ್ವಾಹಿಲಿಯಲ್ಲಿ, ನನ್ನನ್ನು ಕನ್ನಡದಲ್ಲಿ, ಹೆಂಡತಿ ಇನೆಜ್‌ರನ್ನು ಕೊಂಕಣಿಯಲ್ಲಿ ಕೇಳುತ್ತಾರೆ. ಇನೆಜ್ ಆಂಟಿ ಅವರ ಜೊತೆಗೇ ಮನೆಯಿಂದ ಬಂದಿರುತ್ತಾರೆ. ಬೇಲಿಯಾಚೆ ಲಾರಿ ನಿಂತರೆ ಅಂಕಲ್, ಗೋಲ್ ಕಂಬ ಹೇರಿಕೊಳ್ಳಲು ಬಂದಿದೆಯೆಂದು ಬೆವರುತ್ತಾರೆ. ಕೋಚ್ ಫೋನಿನಲ್ಲಿ ಪಿಸುಗುಟ್ಟಿದರೆ ಮೊಂಬಾಸಾದಲ್ಲಿ ಬಾಡಿಗೆಮನೆ ಹುಡುಕುತ್ತಿದ್ದಾನೆ ಎನ್ನುತ್ತಾರೆ. ಮೈದಾನದಲ್ಲಿ ಹುಲ್ಲು ಬೆಳೆದರೆ ಕೇಳುವವರಿಲ್ಲವೆಂದು ಭಯ; ಕತ್ತರಿಸಿದರೆ, ಜಾಗ ಕೊಳ್ಳುವವರಿಗೆ ತೋರಿಸಲಿಕ್ಕೆಂದು ಇನ್ನೂ ಭಯ. ತುಕ್ಕು ಹಿಡಿದ ಗೋಲ್ ಕಂಬ ಸವರಿ, "ಬಿಟ್ಟು ಹೋಗುವ ಮನೆಗೆ ಯಾರಾದ್ರೂ ಪೇಂಟ್ ಹೊಡಿತಾರಾ ಮಾರಾಯ್ರೆ?" ಎಂದು ನಿಟ್ಟುಸಿರು ಬಿಡದೆ ಅವರ ಶನಿವಾರ ಮುಗಿಯುವುದಿಲ್ಲ. ಮೊನ್ನೆ ನಾನು ಹೋದಾಗ ಕಂಬಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಅಂಕಲ್ ಓಡಿಬಂದು ನನ್ನ ಕೈ ಹಿಡಿದರು. "ನೋಡಿ, ಪೇಂಟ್ ಹೊಡ್ದಿದ್ದಾರೆ! ಇನ್ನು ಟೀಮ್ ಎಲ್ಲಿಗೂ ಹೋಗುದಿಲ್ಲ, ಅಲ್ವಾ?" ಅವರು ಕೈ ಬಿಟ್ಟಾಗ ನನ್ನ ಅಂಗೈಗೆ ಬಿಳಿ ಬಣ್ಣ ಮೆತ್ತಿತ್ತು. ಕೈಯನ್ನು ಜೇಬಿಗೆ ಸೇರಿಸಿ, "ಹೌದು ಅಂಕಲ್, ಎಲ್ಲಿಗೂ ಹೋಗಲ್ಲ" ಎಂದೆ.