ನಮಗಿಂತ ಮೊದಲು ಹೊರಟ ಚೀಲ

ಗಜೇಂದ್ರಗಡದಿಂದ ರೋಣಕ್ಕೆ ಹೋಗಬೇಕಾದರೂ ಮನೆಯ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡುವವರ ಪೈಕಿ ನಾನು. ಜಗ್ಗಿ ನೋಡಿ ಓಣಿಯ ತಿರುವಿನ ತನಕ ಹೋದ ಮೇಲೆ, ಜಗ್ಗಿದ್ದು ಖರೇನೋ ಅಥವಾ ಜಗ್ಗಿದ ಹಾಗೆ ಅನಿಸಿತೋ ಎಂಬ ಸಂಶಯ ಹುಟ್ಟಿ ವಾಪಸು ಬರುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಹಣೆಯ ಮೇಲೆ ‘ರೋಣ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಡ್ರೈವರನ್ನು ಕೇಳುತ್ತೇನೆ, ಕಂಡಕ್ಟರನ್ನು ಕೇಳುತ್ತೇನೆ, ಕೊನೆಗೆ ಪಕ್ಕದಲ್ಲಿ ಕೂತವರನ್ನೂ ಕೇಳುತ್ತೇನೆ. ಒಮ್ಮೆ ಹಾಗೆ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, “ನಾನೂ ಅದನ್ನ ನಿಮ್ಮನ್ನ ಕೇಳಬೇಕಂತ ಮಾಡಿದ್ದೆ ನೋಡ್ರಿ” ಅಂದರು. ಈ ಜಗತ್ತಿನಲ್ಲಿ ನಾನು ಒಂಟಿಯಲ್ಲ ಎಂದು ಅವತ್ತು ಎಷ್ಟು ಸಮಾಧಾನವಾಯಿತು ಅಂತೀರಿ.

ಇಂಥ ಮನುಷ್ಯ ಪರದೇಶಕ್ಕೆ ಹೋಗಿಬಂದ ಕತೆ ಇದು. ನಗಬೇಡಿ. ನಗುವುದಿದ್ದರೂ ಕಡೆಗೆ ನಗಿ.

ನನ್ನದು ಸೀರೆಯ ಅಂಗಡಿ. ದಿನವೆಲ್ಲ ಗಾದಿಯ ಮೇಲೆ ಕೂತು ಪಟ್ಟೇದಂಚಿನ ಸೀರೆ ಬಿಚ್ಚುವುದು, ಮಡಿಸುವುದು, ಮತ್ತೆ ಬಿಚ್ಚುವುದು. ನಮ್ಮೂರ ಮಗ್ಗದ ಮೇಲೆ ಹುಟ್ಟಿದ ಸೀರೆಗಳು ಎಲ್ಲೆಲ್ಲಿಗೋ ಹೋಗಿ ಯಾರ್ಯಾರದೋ ಮೈಮೇಲೆ ಊರು ನೋಡುತ್ತವೆ. ಮಾರಿದವನು ಮಾತ್ರ ಕೂತಲ್ಲೇ ಕೂತಿರುತ್ತಾನೆ. ನನ್ನ ಅಂಜಿಕೆಗೆ ನಾನೊಂದು ಚಾರಿತ್ರಿಕ ಕಾರಣವನ್ನೂ ಹುಡುಕಿಟ್ಟುಕೊಂಡಿದ್ದೇನೆ. ತಲೆಯೆತ್ತಿದರೆ ಕಾಣುವ ಗುಡ್ಡದ ಮೇಲಿನ ಕೋಟೆಯನ್ನು ಕಟ್ಟಿದವರು ಶೂರರು ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಯಾರಿಗೂ ಅಂಜದವನು ಅಷ್ಟು ಎತ್ತರಕ್ಕೆ ಕಲ್ಲು ಹೊರಿಸಿ ಗೋಡೆ ಯಾಕೆ ಕಟ್ಟಿಸುತ್ತಾನೆ? ಬಾಗಿಲು ಭದ್ರ ಮಾಡಿಕೊಳ್ಳುವುದು ನಮ್ಮೂರ ಮಣ್ಣಿನ ಗುಣ. ನಾನು ಬೀಗ ಜಗ್ಗುವುದು ಅದೇ ಪರಂಪರೆಯಲ್ಲಿ.

ನನ್ನ ಹೆಂಡತಿ ಶಾಂತವ್ವ ಕೊಣ್ಣೂರಿನವಳು. ಹೊಳೆ ಬಂದು ಸೇತುವೆ ಮುಳುಗಿದರೆ ಊರಿಗೆ ಊರೇ ದಂಡೆಗೆ ನಿಂತು ನೋಡುವ ಕಡೆ ಬೆಳೆದವಳು. ತನಗಾಗಿ ಏನನ್ನೂ ಕೇಳುವ ರೂಢಿ ಅವಳಿಗಿಲ್ಲ. ಸೀರೆ ಅಂಗಡಿಯವನ ಹೆಂಡತಿಯಾಗಿಯೂ ಸೀರೆ ಕೇಳಿದವಳಲ್ಲ. ಒಮ್ಮೆ ನರಗುಂದದಲ್ಲಿ ಬಳಗದವರ ಮದುವೆಗೆ ಹೋಗಿದ್ದೆವು. ಅಲ್ಲಿ ಹೆಣ್ಣುಮಕ್ಕಳೆಲ್ಲ ಸೇರಿ ಒಬ್ಬರು ದುಬೈ, ಒಬ್ಬರು ಸಿಂಗಪುರ ಎಂದು ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದರಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಲೇ ಅವಳು ಕೇಳಿದಳು: “ನಾವೂ ಒಮ್ಮೆ ಸಮುದ್ರ ದಾಟಿ ಬರೂಣೇನ್ರಿ?”

ನಾನು “ಆತು, ಹೋಗೂಣಂತ” ಅಂದುಬಿಟ್ಟೆ. ಬಾಯಿಂದ ಮಾತು ಬಿದ್ದ ಮೇಲೆ, ಈ ಬಸ್ಸು ಗಜೇಂದ್ರಗಡಕ್ಕೇ ಹೋಗುವುದು ಹೌದೋ ಎಂದು ಕಂಡಕ್ಟರನ್ನು ಮತ್ತೊಮ್ಮೆ ಕೇಳಿದೆ. ಆದರೆ ಅವಳು ಕೇಳಿದ್ದೇ ಮೊದಲು. ಅದನ್ನು ಇಲ್ಲವೆನ್ನುವಷ್ಟು ಧೈರ್ಯವೂ ನನಗಿರಲಿಲ್ಲ.

ಟೂರು ಹುಡುಕುವುದೆಂದರೆ ಕನ್ಯಾ ಹುಡುಕಿದಂತೆಯೇ. ಮನೆತನ ಚಲೋ ಇರಬೇಕು, ಖರ್ಚು ಕೈಯೊಳಗಿರಬೇಕು, ಮಾತು ಮೆತ್ತಗಿರಬೇಕು, ಆಮೇಲೆ ಮೋಸವಾಗಬಾರದು. ಫೋಟೋದಲ್ಲಿ ಎಲ್ಲವೂ ಚೆಂದ. ಮೊಬೈಲಿನಲ್ಲಿ ಒಮ್ಮೆ ‘ಕಡಿಮೆ ದರದ ಫ್ಯಾಮಿಲಿ ಟೂರ್’ ಎಂದು ಒತ್ತಿದ್ದೇ ತಡ, ದಿನಾ ಸಂಜೆ ಯಾವುದಾದರೂ ಒಂದು ದೇಶ ನನ್ನನ್ನು ಕರೆಯತೊಡಗಿತು. ಸಿಕ್ಕಾಪಟ್ಟೆ ಅಗ್ಗ ಎಂದವರ ಒಳಗುಟ್ಟು ನೋಡಿದರೆ ಊಟ ಬೇರೆ, ವೀಸಾ ಬೇರೆ, ಊರು ತೋರಿಸುವುದೂ ಬೇರೆ. ಹಾಗಾದರೆ ಇವರು ಕೊಡುವುದೇನು ಎಂದರೆ ನಗುಮುಖದ ಸ್ವಾಗತ. ನಗುಮುಖದ ಸ್ವಾಗತ ನನ್ನ ಅಂಗಡಿಯಲ್ಲೂ ಪುಕ್ಕಟೆ ಸಿಗುತ್ತದೆ. ಹೀಗೆ ಥಾಯ್ಲೆಂಡ್ ನೋಡಿ, ಮಲೇಶಿಯಾ ನೋಡಿ, ಕಡೆಗೆ ನಾನು ಶ್ರೀಲಂಕೆಗೆ ಬಂದು ನಿಂತೆ. ಸಮುದ್ರ ದಾಟಿದಂತೆಯೂ ಆಗಬೇಕು, ದಾಟುವುದು ಲಗೂನೆ ಮುಗಿಯಲೂ ಬೇಕು. ಅಂಜುವವರಿಗೆಂದೇ ದೇವರು ಅಷ್ಟು ಹತ್ತಿರ ಒಂದು ದೇಶ ಇಟ್ಟಿದ್ದಾನೆಂದು ನನ್ನ ನಂಬಿಕೆ.

ಗದಗಿನ ಒಂದು ಟೂರಿನ ಆಫೀಸಿಗೆ ಹೋಗಿ ವಿಚಾರಿಸಿದೆ. ಅಲ್ಲಿನ ಮನುಷ್ಯ ಬಲು ಸಮಾಧಾನಿ. ನೀರು ಬದಲಾಗಿ ಕೆಮ್ಮು ಬಂದರೆ ದವಾಖಾನೆ ಇದೆಯೇ, ಜೋಡಿಗೆ ಬರುವವರಿಗೆ ಕನ್ನಡ ಬರುತ್ತದೆಯೇ, ಮೊಸರು ಸಿಗುತ್ತದೆಯೇ ಎಂದೆಲ್ಲ ಕೇಳಿದೆ. ಎಲ್ಲದಕ್ಕೂ ಹೂಂ ಅಂದ. ಕಡೆಗೆ ಧೈರ್ಯ ಮಾಡಿ, “ವಿಮಾನದಾಗ ಬಾಗಲಾ ಹತ್ತರ ಸೀಟು ಕೊಡಸ್ರಿ, ಏನರ ಆದ್ರ ಲಗೂನ ಇಳೀಬಹುದು” ಅಂದೆ. ಆತ ನನ್ನನ್ನು ಒಂದು ಗಳಿಗೆ ನೋಡಿ ಬಹಳ ಮರ್ಯಾದೆಯಿಂದ ಹೇಳಿದ: “ಕೊಡಸ್ತೀನ್ರಿ. ಆದ್ರ ನಡುವ ಇಳಿಯಾಕ ಬರಂಗಿಲ್ರಿ ಸಾಹೇಬ್ರ.”

ಮುಂಗಡ ಕೊಟ್ಟು ಬಂದೆ. ಮನೆಯಲ್ಲಿ ನಾನು ಧೈರ್ಯವಂತನ ಪಾತ್ರ ವಹಿಸಿಕೊಂಡೆ. ವಿಮಾನವೆಂದರೆ ಏನು ಮಹಾ, ಗಾಳಿಯ ಮೇಲಿನ ಬಸ್ಸು, ಅದಕ್ಕೆ ತಗ್ಗುಕುಣಿಗಳ ತ್ರಾಸವೂ ಇಲ್ಲ ಎಂದು ಶಾಂತವ್ವನಿಗೆ ಉಪನ್ಯಾಸ ಮಾಡುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತ, “ನೀವು ಇದ್ದೀರಲ್ರಿ, ನನಗೇನು ಅಂಜಿಕಿ” ಅನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನ್ನ ಅಂಜಿಕೆ ಇನ್ನಷ್ಟು ಹೆಚ್ಚುತ್ತಿತ್ತು.

ಆಮೇಲೆ ಗೊತ್ತಾಯಿತು, ಹೊರಡುವುದು ಮಂಗಳವಾರ. ಮಂಗಳವಾರ ನಾನು ಹಿತ್ತಲಿಗೆ ಹೋಗುವಾಗಲೂ ವಿಚಾರ ಮಾಡುವವನು. ದಿನ ಬದಲಿಸಲು ವಿಮಾನ ನಮ್ಮಪ್ಪನದಲ್ಲ. ಆಗ ನೆನಪಾದದ್ದು ಪ್ರಸ್ಥಾನ. ನಮ್ಮ ಕಡೆ ಇದು ಹಳೆಯ ಉಪಾಯ: ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮೊದಲಿನ ಒಳ್ಳೆಯ ದಿನ ನೋಡಿ ನಿಮ್ಮ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟಿತೆಂದರೆ ನೀವು ಹೊರಟಂತೆಯೇ ಲೆಕ್ಕ. ಮರುದಿನ ಹೋಗುತ್ತ ಅದನ್ನು ಎತ್ತಿಕೊಂಡರಾಯಿತು. ಹಿಂದೆ ರಾಜರು ದಂಡಯಾತ್ರೆಗೆ ಮುಂಚೆ ತಮ್ಮ ಕತ್ತಿಯನ್ನೋ ಕೊಡೆಯನ್ನೋ ಹೀಗೆ ಮುಂದಾಗಿ ಕಳಿಸುತ್ತಿದ್ದರಂತೆ. ಗ್ರಹಗಳ ಕಣ್ಣಿಗೆ ಇಷ್ಟು ಸಲೀಸಾಗಿ ಮಣ್ಣೆರಚಬಹುದೆಂದು ಕಂಡುಹಿಡಿದ ಪುಣ್ಯಾತ್ಮ ನನ್ನಂಥ ಅಂಜುಬುರುಕನೇ ಇರಬೇಕು.

ಸೋಮವಾರ ಮುಂಜಾನೆ ಒಂದು ಕೈಚೀಲದಲ್ಲಿ ಅಕ್ಕಿ, ತೆಂಗಿನಕಾಯಿ, ಇಬ್ಬರ ಒಂದೊಂದು ಜೊತೆ ಬಟ್ಟೆ ಇಟ್ಟೆವು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಶಾಸ್ತ್ರ ಮಾಡುವುದಾದರೆ ಪಕ್ಕಾ ಮಾಡಬೇಕು, ಯಾವುದಿಲ್ಲದೆ ಪ್ರಯಾಣವೇ ಇಲ್ಲವೋ ಅದೇ ಮೊದಲು ಹೊರಡಬೇಕು ಎಂದು ವಾದಿಸಿ ಎರಡೂ ಪಾಸ್‌ಪೋರ್ಟುಗಳನ್ನು ಅಕ್ಕಿಯ ಮೇಲಿಟ್ಟೆ. ಚೀಲವನ್ನು ಎದುರು ಮನೆಯ ಗಂಗವ್ವ ದೊಡ್ಡವ್ವನಿಗೆ ಕೊಟ್ಟು ಬಂದೆವು. ದೊಡ್ಡವ್ವ ಓಣಿಗೆಲ್ಲ ಹಿರಿಯಳು, ನಾನು ಚಡ್ಡಿ ಹಾಕುವ ಮೊದಲಿನಿಂದ ನನ್ನನ್ನು ಬಲ್ಲವಳು. ಅವಳು ಚೀಲವನ್ನು ದೇವರ ಜಗಲಿಯ ಕೆಳಗಿಟ್ಟು ದೀಪ ಹಚ್ಚಿದಳು.

ಸಂಜೆ ಅಂಗಡಿಗೆ ಬಂದ ಗಿರಾಕಿಯೊಬ್ಬರು, ವಿಮಾನ ಏರುವಾಗ ಕಿವಿ ಗಪ್ಪಾಗುತ್ತವೆ, ಕೆಲವರಿಗೆ ಎದೆಯೂ ಹಿಡಿದಂತಾಗುತ್ತದೆ ಎಂದು ಹೇಳಿ ಸೀರೆ ಕೊಳ್ಳದೆ ಹೋದರು. ನನ್ನ ಎದೆ ನೆಲದ ಮೇಲೆ ಇದ್ದಾಗಲೇ ಹಿಡಿಯಿತು. ಮನೆಗೆ ಬಂದರೆ ಶಾಂತವ್ವ ಒಳಗೆ ಬುತ್ತಿ ಕಟ್ಟುತ್ತಿದ್ದಳು. ಶೇಂಗಾ ಚಟ್ನಿಯ ಘಮ ಬಾಗಿಲ ತನಕ ಬಂದಿತ್ತು. ಎಲೆ ಅಡಿಕೆ ತರುತ್ತೇನೆಂದು ಹೇಳಿ ನಾನು ಸೀದಾ ದೊಡ್ಡವ್ವನ ಮನೆಗೆ ಹೋದೆ. ಪಾಸ್‌ಪೋರ್ಟು ಮೊದಲು ಕೈಗೆ ಬರಲಿ. ಆಮೇಲೆ ಮುಂದಿನ ವರ್ಷ ಹೋದರಾಯಿತು ಎಂದು ಶಾಂತವ್ವನಿಗೆ ಹೇಗಾದರೂ ಹೇಳಿದರಾಯಿತು ಎಂಬುದು ನನ್ನ ಲೆಕ್ಕಾಚಾರ.

“ದೊಡ್ಡವ್ವ, ಚೀಲ ಸ್ವಲ್ಪ ಕೊಡು. ಪಾಸ್‌ಪೋರ್ಟ್ ಅದಾವೋ ಇಲ್ಲೋ ನೋಡತೀನಿ.”

“ಅದಾವ. ನಾ ಮುಟ್ಟಿಲ್ಲ, ಬೆಕ್ಕೂ ಮುಟ್ಟಿಲ್ಲ.”

“ಹಂಗಲ್ಲ, ಮನಿಗೆ ಒಯ್ದು ಒಮ್ಮೆ…”

ದೊಡ್ಡವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಪರಸ್ತಾನ ಇಟ್ಟ ಗಂಟು ತಿರುಗಿ ಅದ ಮನಿಗೆ ಹೋಗಬಾರದೋ ತಮ್ಮಾ. ಕೆಟ್ಟದ್ದದು. ಅದಕ್ಕಿನ್ನ ಊರು ದಾಟೂದ ದಾರಿ. ನಾಳೆ ಮುಂಜಾನಿ ಗಾಡಿ ಹತ್ತೂ ಮುಂದ ಬಾ, ನನ್ನ ಕೈಯಾರೆ ಕೊಡತೀನಿ. ಈಗ ಚಾ ಕುಡದ ಹೋಗು.”

ಮಂಗಳವಾರಕ್ಕೆ ಹೆದರಿ ಚೀಲ ಇಟ್ಟವನು ನಾನೇ. ಈಗ ಹೊರಟರೆ ವಿಮಾನದ ಅಂಜಿಕೆ, ಹೊರಡದಿದ್ದರೆ ಪ್ರಸ್ಥಾನ ಮುರಿದ ಅಂಜಿಕೆ. ಎರಡನ್ನೂ ತೂಗಿ ನೋಡಿದೆ. ವಿಮಾನದ್ದೇ ಸ್ವಲ್ಪ ಹಗುರ ಅನಿಸಿತು. ಚಹಾ ಕುಡಿದು, ಎಲೆ ಅಡಿಕೆ ಮರೆತು ಮನೆಗೆ ಬಂದೆ. ಎಲೆ ಅಡಿಕೆ ಎಲ್ಲಿ ಎಂದು ಶಾಂತವ್ವನೂ ಕೇಳಲಿಲ್ಲ.

ಹಾಗೆ ಹೋದೆವು. ನರಗುಂದದ ಹತ್ತಿ ವ್ಯಾಪಾರಿಯ ಸಂಸಾರ, ರೋಣದ ಮಾಸ್ತರರು ಮತ್ತು ಅವರ ತಾಯಿ, ಇನ್ನೂ ಕೆಲವರು ನಮ್ಮ ಗುಂಪಿನಲ್ಲಿದ್ದರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾನು ಯಾರನ್ನೋ “ಇದು ಕೊಲಂಬೋಕ್ಕ ಹೋಗೂದ ಹೌದಲ್ರಿ?” ಎಂದು ಕೇಳುವಷ್ಟರಲ್ಲಿ ಮಾಸ್ತರರು ನನ್ನನ್ನೇ ಅದನ್ನು ಕೇಳಿದರು. ಗುಂಪಿನ ಟೂರಿನ ದೊಡ್ಡ ಲಾಭ ಇದೇ ನೋಡಿ. ಖರ್ಚು ಹಂಚಿಹೋಗುವಂತೆ ಅಂಜಿಕೆಯೂ ಹಂಚಿಹೋಗುತ್ತದೆ. ಒಬ್ಬೊಬ್ಬರ ಪಾಲಿಗೆ ಹೊರುವಷ್ಟೇ ಬರುತ್ತದೆ. ವಿಮಾನ ನೆಲ ಬಿಟ್ಟಾಗ ಶಾಂತವ್ವ ನನ್ನ ಕೈ ಹಿಡಿದಳು. ನನಗೆ ಧೈರ್ಯ ಹೇಳುತ್ತಿದ್ದಾಳೆ ಅಂದುಕೊಂಡೆ. ಬಳೆಯ ಗುರುತು ಮೂಡುವಷ್ಟು ಬಿಗಿಯಾಗಿ ಯಾರಾದರೂ ಧೈರ್ಯ ಹೇಳುತ್ತಾರೆಯೇ ಎಂದು ಆಗ ಹೊಳೆಯಲಿಲ್ಲ.

ಅಲ್ಲಿ ಏನೇನು ನೋಡಿದೆವೆಂದು ಬರೆಯುವುದಿಲ್ಲ, ಅದೆಲ್ಲ ಮೊಬೈಲಿನಲ್ಲಿ ಸಿಗುತ್ತದೆ. ಒಂದನ್ನು ಮಾತ್ರ ಹೇಳುತ್ತೇನೆ. ಒಂದು ಸಂಜೆ ದಂಡೆಯಲ್ಲಿ ಶಾಂತವ್ವ ಸೀರೆ ಎತ್ತಿ ಹಿಡಿದು ಮೊಳಕಾಲುದ್ದ ನೀರಿನಲ್ಲಿ ನಿಂತಳು. ತೆರೆ ಬಂದು ಹೋಗುವುದನ್ನು ಬಹಳ ಹೊತ್ತು ನೋಡಿ, “ನಮ್ಮ ಕೊಣ್ಣೂರ ಹೊಳಿ ಬಂದಂಗ ಐತ್ರಿ. ಆದ್ರ ಇಲ್ಲಿ ಬ್ರಿಜ್ ಮುಣಗೂ ಚಿಂತಿ ಇಲ್ಲ” ಎಂದು ನಕ್ಕಳು. ಸಣ್ಣ ಹುಡುಗಿಯ ನಗು ಅದು. ಇಷ್ಟು ವರ್ಷ ಎದುರಿಗೇ ಇದ್ದ ಮುಖದಲ್ಲಿ ಆ ನಗು ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ನನಗೆ ಅಳು ಬಂತು. ಗಾಳಿಗೆ ಕಣ್ಣಲ್ಲಿ ಉಸುಕು ಹೋಯಿತೆಂದೆ.

ಊರಿಗೆ ಬಂದ ಮೇಲೆ ಅಲ್ಲಿಂದ ತಂದ ಚಹಾಪುಡಿ ಕೊಡಲು ದೊಡ್ಡವ್ವನ ಮನೆಗೆ ಹೋದೆ. ಅದೇ ಪುಡಿಯ ಚಹಾ ಮಾಡಿ ಕೊಟ್ಟಳು. ಅವತ್ತು ಚೀಲ ಕೊಡದಿದ್ದದ್ದು ಚಲೋ ಆಯಿತು, ಶಾಂತವ್ವನ ಆಸೆ ತೀರಿತು, ಅವಳ ಮುಂದೆ ನನ್ನ ಮರ್ಯಾದೆಯೂ ಉಳಿಯಿತು ಎಂದು ಹೇಳಿಕೊಂಡೆ.

ದೊಡ್ಡವ್ವ ಬಸಿಯಲ್ಲಿ ಚಹಾ ಆರಿಸುತ್ತ ಹೇಳಿದಳು: “ನೀ ಸಂಜಿಕ ಬಂದಿ. ಅಕಿ ಮಧ್ಯಾಹ್ನನ ಬಂದು ಹೋಗಿದ್ಲೋ. ಅಕಿಗೂ ಚೀಲನ ಬೇಕಾಗಿತ್ತು.”

“ಯಾರು, ಶಾಂತವ್ವ?” ಅಂದೆ.

“ಕೈಕಾಲು ನಡಗತಾವ ದೊಡ್ಡವ್ವ ಅಂದ್ಲು. ಗಂಡಗ ಹೇಳವಾ ಅಂದ್ರ, ಅವರು ಅಷ್ಟು ಹುರುಪಿನಿಂದ ಹುಡುಕ್ಯಾರ, ನಾ ಅಂಜತೀನಿ ಅಂತ ಹ್ಯಾಂಗ ಹೇಳ್ಲಿ ಅಂದ್ಲು. ಅಕಿಗೂ ಚಾ ಕುಡಿಸಿ ಕಳಿಸಿದೆ.”

ಇದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ದೊಡ್ಡವ್ವ ಶಾಂತವ್ವನಿಗೂ ನನ್ನ ಸುದ್ದಿ ಹೇಳಿದ್ದಾಳೋ ಇಲ್ಲವೋ ಎಂದು ಕೇಳುವ ಧೈರ್ಯವೂ ಆಗಲಿಲ್ಲ. ಮೊನ್ನೆ ಶಾಂತವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಮೊಬೈಲಿನಲ್ಲಿ ಅಗ್ಗದ ವಿಯೆಟ್ನಾಮ್ ನೋಡುತ್ತಿದ್ದೆ. ಅವಳು ತಲೆಯೆತ್ತದೆ, “ಮುಂದಿನ ಸಲ ದೊಡ್ಡವ್ವನ್ನೂ ಕರಕೊಂಡ ಹೋಗೂಣ್ರಿ. ಪಾಪ, ಅಕಿನೂ ಏನೂ ನೋಡಿಲ್ಲ” ಅಂದಳು.

“ಬ್ಯಾಡ ಅನ್ನಾಂಗಿಲ್ಲ,” ಅಂದೆ. “ಆದ್ರ ಅಕಿನೂ ನಮ್ಮ ಜೋಡಿ ಬಂದ್ರ, ಪರಸ್ತಾನದ ಚೀಲ ಯಾರ ಮನ್ಯಾಗ ಇಡೂದು?”

“ಖರೇ ಐತಿ ಬಿಡ್ರಿ, ಬ್ಯಾರೇದವರು ಕೇಳಿದ ಕೂಡ್ಲೆ ಕೊಟ್ಟುಬಿಡ್ತಾರ” ಎಂದಳು ಶಾಂತವ್ವ. ಎಂದವಳೇ ನಾಲಿಗೆ ಕಚ್ಚಿಕೊಂಡು ಮೊರದಲ್ಲಿದ್ದ ಜೋಳಕ್ಕೆ ಮುಖ ಹುದುಗಿಸಿದಳು.