ಅನುಮಾನ ಬಂದರೆ ಹನ್ನೊಂದು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಸೋಂಕು ಕಳೆಯುವ ಹಬೆಯ ಯಂತ್ರ ಆಗಷ್ಟೇ ಬಿಸಿಯಾಗುತ್ತಿದೆ. ಸ್ಟೀಲ್ ಮೇಜಿನ ಮೇಲೆ ಹಸಿರು ಬಟ್ಟೆ, ಅದರ ಮೇಲೆ ತೊಳೆದು ಒರೆಸಿದ ಕತ್ತರಿಗಳು, ಚಿಮಟಗಳು, ರಕ್ತನಾಳವನ್ನು ಬಿಗಿಹಿಡಿಯುವ ಇಕ್ಕಳಗಳು. ಮೇಜಿನ ಮುಂದೆ ನಿಂತ ಐವತ್ತಾರರ ಹೆಂಗಸು ಒಂದೊಂದನ್ನೇ ಬೆರಳಿನಿಂದ ಮುಟ್ಟಿ ಪಕ್ಕಕ್ಕೆ ಸರಿಸುತ್ತಾರೆ. ತುಟಿ ಅಲುಗುತ್ತದೆ, ದನಿ ಹೊರಡುವುದಿಲ್ಲ. ಇಕ್ಕಳಗಳ ಸಾಲಿನ ಕೊನೆಗೆ ಬಂದ ಬೆರಳು ಹಾಗೇ ನಿಂತುಬಿಡುತ್ತದೆ.

“ಹನ್ನೊಂದು.”

“ಅಕ್ಕ, ಹನ್ನೆರಡಿದೆ. ನಾನೂ ನೋಡ್ತಾನೇ ಇದ್ದೆ,” ಎನ್ನುತ್ತಾಳೆ ಬಾಗಿಲಲ್ಲಿ ಕಾಯುತ್ತಿರುವ ನರ್ಸ್.

“ನೀನು ನೋಡ್ತಿದ್ದೆ, ನಾನು ಎಣಿಸ್ತಿದ್ದೆ. ನನಗೆ ಅನುಮಾನ ಬಂತು. ಅನುಮಾನ ಬಂದ್ರೆ ಹನ್ನೊಂದು.”

“ಎಂಟೂವರೆಗೆ ಆಪರೇಷನ್. ತಡ ಆದ್ರೆ ಡಾಕ್ಟರ್ ನನ್ನ ತಲೆ ತಿಂತಾರೆ.”

“ತಿನ್ನಲಿ ಬಿಡು. ಪಾಪ, ಅವರೂ ಬೆಳಿಗ್ಗೆ ಏನೂ ತಿಂದಿರಲ್ಲ.”

ಜೋಡಿಸಿದ ಸಾಲನ್ನು ಅವರೇ ಕೈಯಿಂದ ಕೆಡಿಸುತ್ತಾರೆ, ಮತ್ತೆ ಮೊದಲಿನಿಂದ ಎಣಿಸುತ್ತಾರೆ. ಈ ಸಲ ಬೆರಳು ಎಲ್ಲೂ ತಡೆಯುವುದಿಲ್ಲ. ಹನ್ನೆರಡು. ಚೀಟಿಯಲ್ಲಿ ಬರೆದು ಸಹಿ ಹಾಕಿ, ಟ್ರೇಯನ್ನು ಬಟ್ಟೆಯಲ್ಲಿ ಸುತ್ತಿ ಯಂತ್ರದೊಳಗೆ ಇಡುತ್ತಾರೆ. ನರ್ಸ್ ನಿಟ್ಟುಸಿರು ಬಿಟ್ಟು ಮೆಟ್ಟಿಲು ಹತ್ತುತ್ತಾಳೆ.

ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿದೆ. ಅದನ್ನು ಹಿಡಿದು ಯಾರೂ ಕೂಗುವುದಿಲ್ಲ. ಮುದುಕ ಕಾವಲುಗಾರನಿಂದ ಹಿಡಿದು ಹಿರಿಯ ಸರ್ಜನ್‌ವರೆಗೆ ಎಲ್ಲರಿಗೂ ಅವರು ಎಣಿಕೆ ಅಕ್ಕ. ಇಪ್ಪತ್ತನಾಲ್ಕು ವರ್ಷಗಳಿಂದ ಇದೇ ಕೋಣೆ. ಆಪರೇಷನ್ ಕೋಣೆಯಿಂದ ರಕ್ತ ಮೆತ್ತಿಕೊಂಡು ಬಂದದ್ದನ್ನು ನೆನೆಹಾಕುವುದು, ಇಕ್ಕಳದ ಹಲ್ಲುಗಳ ಸಂದಿಯನ್ನೂ ಬಿಡದೆ ಉಜ್ಜುವುದು, ಒರೆಸುವುದು, ಎಣಿಸಿ ಟ್ರೇಗೆ ಜೋಡಿಸುವುದು. ದೊಡ್ಡ ಟ್ರೇಯಲ್ಲಿ ನಲವತ್ತೆರಡು ತುಂಡು, ಚಿಕ್ಕದರಲ್ಲಿ ಹದಿನೆಂಟು. ದಿನಕ್ಕೆ ಮೂವತ್ತು ಟ್ರೇ ಅಂದರೆ ಹೆಚ್ಚುಕಡಿಮೆ ಸಾವಿರ ತುಂಡು ಅವರ ಬೆರಳನ್ನು ಮುಟ್ಟಿ ಹೋಗುತ್ತವೆ.

ಗುಣವಾಗಿ ಮನೆಗೆ ಹೊರಟವರು ಡಾಕ್ಟರಿಗೆ ಕೃತಜ್ಞತೆ ಹೇಳುತ್ತಾರೆ, ನರ್ಸ್‌ಗಳ ಕೈ ಹಿಡಿದು ಕಣ್ಣೀರು ಹಾಕುತ್ತಾರೆ. ನೆಲಮಾಳಿಗೆಗೆ ಯಾರಾದರೂ ಇಳಿದು ಬಂದದ್ದುಂಟೇ? “ಒಬ್ಬರು ಬಂದಿದ್ರು,” ಎನ್ನುತ್ತಾರೆ ಎಣಿಕೆ ಅಕ್ಕ. “ಟಾಯ್ಲೆಟ್ ಎಲ್ಲಿ ಅಂತ ಕೇಳಿಕೊಂಡು ಹೋದ್ರು.”

ಅವರ ಮನೆ ಮೂರನೆಯ ಮಹಡಿಯಲ್ಲಿ, ಎರಡು ಕೋಣೆ. ಮುಂದಿನ ಕೋಣೆಯ ಕಿಟಕಿಯ ಬಳಿ ಹೊಲಿಗೆ ಯಂತ್ರವೊಂದು ಹೊದಿಕೆ ಹೊದ್ದು ಕುಳಿತಿದೆ. ಗಂಡ ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಐದು ವರ್ಷಗಳ ಹಿಂದೆ ಒಂದು ದಿನ ಅವರು ಒಂದೇ ಕೋಟಿಗೆ ಎರಡು ಎಡತೋಳು ಹಚ್ಚಿಕೊಟ್ಟರು. ಗಿರಾಕಿ ನಕ್ಕ, ಅವರೂ ನಕ್ಕರು, ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕರು. ಆ ನಗು ನೆನಪಾದಾಗಲೆಲ್ಲ ಎಣಿಕೆ ಅಕ್ಕ ಎದ್ದು ಹೋಗಿ ಯಂತ್ರದ ಹೊದಿಕೆ ಸರಿಪಡಿಸುತ್ತಾರೆ.

ನಿಜ ಗೊತ್ತಾದದ್ದು ಒಂದು ದಿನ, ಸಂಜೆಗೆ ಮುಂಚಿನ ನಮಾಜಿನಲ್ಲಿ. ಮನೆಯಲ್ಲಿರುವಾಗ ಗಂಡ ಮುಂದೆ ನಿಂತು ನಮಾಜು ಮಾಡಿಸುತ್ತಿದ್ದರು, ಇವರು ಹಿಂದೆ ನಿಲ್ಲುತ್ತಿದ್ದರು. ಆ ಹೊತ್ತಿನ ನಮಾಜಿಗೆ ನಾಲ್ಕು ರಕಅತ್. ನಿಂತು, ಬಾಗಿ, ಹಣೆಯನ್ನು ನೆಲಕ್ಕಿಟ್ಟು ಏಳುವುದು ಒಂದು ರಕಅತ್. ನಾಲ್ಕು ಮುಗಿದರೂ ಅವರು ಐದನೆಯದಕ್ಕೆ ಎದ್ದು ನಿಂತರು. ಮುಂದಿನವರು ತಪ್ಪಿದರೆ ಹಿಂದಿರುವ ಹೆಂಗಸು ಬಾಯಿ ತೆರೆಯುವುದಿಲ್ಲ, ಒಂದು ಕೈಯಿಂದ ಇನ್ನೊಂದು ಕೈಯ ಬೆನ್ನನ್ನು ತಟ್ಟಿ ಎಚ್ಚರಿಸುತ್ತಾಳೆ. ಇವರು ತಟ್ಟಿದರು.

“ಅವರು ನಮಾಜು ಬಿಟ್ಟು ಸೀದಾ ಹೋಗಿ ಬಾಗಿಲು ತೆಗೆದ್ರು,” ಎನ್ನುತ್ತಾರೆ ಅಕ್ಕ. “ಹೊರಗೆ ಇಣುಕಿ ನೋಡಿ, ‘ಯಾರೂ ಇಲ್ವಲ್ಲೇ, ಯಾರು ತಟ್ಟಿದ್ದು?’ ಅಂತ ಕೇಳಿದ್ರು. ನಾನು ಚಾಪೆ ಮೇಲೇ ನಿಂತಿದ್ದೆ. ನಗೋದಾ ಅಳೋದಾ ಗೊತ್ತಾಗಲಿಲ್ಲ.”

ಮರೆವಿನ ಕಾಯಿಲೆ ಎಂದರು ಡಾಕ್ಟರ್. ವಾಪಸ್ ಬರುವ ದಾರಿ ಇಲ್ಲ ಎಂದೂ ಹೇಳಿದರು. ಮುಂದಿನ ತಿಂಗಳುಗಳಲ್ಲಿ ಅಕ್ಕ ನಮಾಜು ಬಿಡಲಿಲ್ಲ. ಆದರೆ ಅದರಲ್ಲಿ ಅವರು ಇರಲೂ ಇಲ್ಲ. “ಬಾಯಿ ಓದ್ತಾ ಇತ್ತು, ಒಳಗೆ ಅಲ್ಲಾಹನ ಜೊತೆ ಬರೀ ಜಗಳ. ಒಂದು ಹೊತ್ತು ನಮಾಜು ತಪ್ಪಿಸಿದವರಲ್ಲ, ಇವರೇ ಬೇಕಿತ್ತಾ ನಿನಗೆ ಅಂತ ಕೇಳ್ತಿದ್ದೆ. ಕೊನೆಗೆ ಸಲಾಮು ಹೇಳಿ ಏಳುವಾಗ, ಜಗಳ ಆಡಿ ಎದ್ದು ಬಂದ ಹಾಗೇ ಇರ್ತಿತ್ತು.”

ಹಗಲು ಹೊತ್ತು ಗಂಡನನ್ನು ನೋಡಿಕೊಳ್ಳಲು ನಾದಿನಿ ಬರುತ್ತಾರೆ. ವಿಧವೆ, ಪಕ್ಕದ ಬೀದಿಯಲ್ಲೇ ಮನೆ, ಮಾತಿಗೆ ಕಡಿವಾಣ ಇಲ್ಲ. “ಅಣ್ಣನಿಗೆ ನನ್ನ ಹೆಸರು ಮರೆತುಹೋಗಿದೆ. ಚಿಕ್ಕವಳಿದ್ದಾಗ ಬೈತಿದ್ದ ಬೈಗುಳ ಮಾತ್ರ ಒಂದೂ ಮರೆತಿಲ್ಲ ನೋಡಿ,” ಎಂದು ಅವರು ನಗುತ್ತಾರೆ. ಅತ್ತಿಗೆಯನ್ನೂ ಬಿಡುವುದಿಲ್ಲ: “ಅತ್ತಿಗೆ, ನೀವು ನಿದ್ದೆ ಮಾಡಿ. ನೀವೂ ಮರೆತು ಕೂತ್ರೆ ಇಬ್ಬರನ್ನೂ ಸಾಕೋ ಶಕ್ತಿ ನನಗಿಲ್ಲ.”

ತಮಾಷೆಗೆ ಆಡಿದ ಮಾತು. ಅದು ಎಷ್ಟು ಆಳಕ್ಕೆ ಇಳಿದಿತ್ತು ಎಂಬುದು ಎರಡು ವರ್ಷಗಳ ಹಿಂದೆ ಗೊತ್ತಾಯಿತು. ಆ ದಿನ ಎಣಿಕೆ ಅಕ್ಕ ಚೀಟಿಯಲ್ಲಿ ಹನ್ನೆರಡು ಇಕ್ಕಳ ಎಂದು ಬರೆದರು. ಟ್ರೇಯಲ್ಲಿ ಇದ್ದದ್ದು ಹನ್ನೊಂದು. ಇಪ್ಪತ್ತೆರಡು ವರ್ಷ ತಪ್ಪದ ಎಣಿಕೆ ಎಂದು ಮೇಲೆ ಆಪರೇಷನ್ ಕೋಣೆಯವರು ತಾವು ಎಣಿಸದೆ ಚೀಟಿಯನ್ನೇ ನಂಬಿದರು. ಆಪರೇಷನ್ ಮುಗಿದು ಹೊಲಿಗೆ ಹಾಕುವ ಮುನ್ನ ಎಣಿಸಿದರೆ ಒಂದು ಕಡಿಮೆ. ಹೊಟ್ಟೆಯೊಳಗೆ ಉಳಿದಿರಬಹುದೆಂದು ನಲವತ್ತು ನಿಮಿಷ ಹುಡುಕಿದರು, ಎಕ್ಸ್‌ರೇ ತೆಗೆದರು. ಕೊನೆಗೆ ಹನ್ನೆರಡನೆಯದು ಸಿಕ್ಕಿದ್ದು ನೆಲಮಾಳಿಗೆಯ ತೊಳೆಯುವ ತೊಟ್ಟಿಯ ತಳದಲ್ಲಿ. ರೋಗಿಗೆ ಏನೂ ಆಗಲಿಲ್ಲ. ಅಕ್ಕನನ್ನು ಒಂದು ತಿಂಗಳು ಎಣಿಕೆಯಿಂದ ತೆಗೆದು ಬಟ್ಟೆ ಮಡಿಸಲು ಹಾಕಿದರು.

ಶಿಕ್ಷೆ ಅವರಿಗೆ ಭಾರವಾಗಲಿಲ್ಲ, ಭಯ ಭಾರವಾಯಿತು. “ನನಗೂ ಶುರುವಾಯ್ತು ಅಂದ್ಕೊಂಡೆ. ಹಾಗಾದ್ರೆ ಅವರಿಗೆ ಯಾರು? ಅವರ ಮಾತ್ರೆ, ಸ್ನಾನ, ಅವರು ಯಾರು ಅನ್ನೋದು ಕೂಡ ನನ್ನ ತಲೇಲೇ ಇರೋದು. ಆ ತಲೆಯೇ ಖಾಲಿಯಾದ್ರೆ?” ಪರೀಕ್ಷೆ ಮಾಡಿದ ಡಾಕ್ಟರ್, ಕಾಯಿಲೆ ಇಲ್ಲ, ನಿದ್ದೆ ಇಲ್ಲ ಅಷ್ಟೇ ಎಂದರು. ಭಯಕ್ಕೆ ಅದು ಕೇಳಿಸಲಿಲ್ಲ. ಮರುದಿನ ರಜೆಯಿತ್ತು, ಮನೆಯಲ್ಲಿ ಮಧ್ಯಾಹ್ನದ ನಮಾಜಿನಲ್ಲಿ ಮೂರಾಯಿತೋ ನಾಲ್ಕಾಯಿತೋ ಎಂದು ಅವರಿಗೇ ತಿಳಿಯದೆ ಹೋಯಿತು. ನಮಾಜು ಅರ್ಧಕ್ಕೇ ಬಿಟ್ಟು ನೇರ ಕೆಳಗಿನ ಮನೆಗೆ ಹೋದರು. ಅಲ್ಲಿ ಬೀದಿಯ ಮಕ್ಕಳಿಗೆ ಕುರಾನ್ ಓದಲು ಕಲಿಸುವ ಅಜ್ಜಿ ಇದ್ದಾರೆ. ಎಲ್ಲರಿಗೂ ಅವರು ಓದಿಸುವ ಅಜ್ಜಿ.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡರು. “ಚಿಕ್ಕವಳಿದ್ದಾಗ ಕಲಿತಿಲ್ವೇನೇ? ಮೂರೋ ನಾಲ್ಕೋ ಅಂತ ಅನುಮಾನ ಬಂದ್ರೆ ಮೂರು ಅಂತ ಹಿಡಿ. ಬಾಕಿ ಪೂರ್ತಿ ಮಾಡು. ಕೊನೆಗೆ ಎರಡು ಸಲ ಜಾಸ್ತಿ ಹಣೆ ನೆಲಕ್ಕಿಡು. ಮರೆತದ್ದಕ್ಕೆ ಅಂತಾನೇ ಇರೋ ಸಜ್ದಾ ಅದು.”

“ಅಷ್ಟೇನಾ?”

“ಅಷ್ಟೇ. ಪ್ರವಾದಿಯವರೇ ಒಮ್ಮೆ ಮರೆತು ನಾಲ್ಕರ ಬದಲು ಎರಡಕ್ಕೇ ಮುಗಿಸಿದ್ರು. ಜೊತೆಗಿದ್ದವರು ಕೇಳಿದ ಮೇಲೆ ಎದ್ದು ಪೂರ್ತಿ ಮಾಡಿದ್ರು. ನೀನು ಅವರಿಗಿಂತ ದೊಡ್ಡವಳಾ?”

“ಅಜ್ಜಿ, ನಿಜವಾಗ್ಲೂ ಅಷ್ಟೇನಾ?”

“ಎಂಥೋಳೇ ನೀನು! ಮಾಫಿ ಕೊಟ್ರೂ ರಸೀದಿ ಕೇಳ್ತೀಯಲ್ಲ!”

ಅಕ್ಕನಿಗೆ ನಿಯಮ ಹೊಸದಲ್ಲ, ಏಳು ವರ್ಷದವರಿದ್ದಾಗಲೇ ಬಾಯಿಪಾಠ. ಅದರೊಳಗಿನ ಮಾತು ಕೇಳಿಸಿದ್ದು ಅಂದೇ. “ನಾನು ಮರೀತೀನಿ ಅಂತ ಅಲ್ಲಾಹನಿಗೆ ನಾನು ಹುಟ್ಟೋ ಮುಂಚೆನೇ ಗೊತ್ತಿತ್ತು. ಗೊತ್ತಿದ್ದೇ ಐದು ಹೊತ್ತು ಬಾ ಅಂತ ಕರೆದಿದ್ದಾನೆ. ಮರೆಯೋರಿಗೆ ಅಂತ ಜಾಗ ಬಿಟ್ಟೇ ನಮಾಜು ಮಾಡಿಟ್ಟಿದ್ದಾನೆ. ಹಾಗಿದ್ಮೇಲೆ ನಾನ್ಯಾರ ಜೊತೆ ಜಗಳ ಆಡ್ತಿದ್ದೆ?” ಮನೆಗೆ ಬಂದು ನಮಾಜು ಮತ್ತೆ ಮಾಡಿದರು, ಮತ್ತೆ ಅನುಮಾನ ಬಂದಾಗ ಮೂರೆಂದು ಹಿಡಿದರು. ಕೊನೆಯ ಎರಡು ಸಜ್ದಾದಲ್ಲಿ ಹಣೆ ನೆಲಕ್ಕಿಟ್ಟವರು ಬಹಳ ಹೊತ್ತು ಏಳಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಗಂಡ ಬಗ್ಗಿ, “ನಿದ್ದೆ ಬಂತಾ?” ಎಂದು ಕೇಳಿದರಂತೆ. ಆ ದಿನ ನಿಜಕ್ಕೂ ನಿದ್ದೆ ಬಂತು.

ತಿಂಗಳು ಕಳೆದು ಎಣಿಕೆಯ ಮೇಜಿಗೆ ಮರಳಿದಾಗ ಆ ನಿಯಮವನ್ನೂ ಜೊತೆಗೆ ತಂದರು. ಅನುಮಾನ ಬಂದರೆ ಕಡಿಮೆಯ ಲೆಕ್ಕ ಹಿಡಿಯುವುದು, ಮೊದಲಿನಿಂದ ಎಣಿಸುವುದು. ಮೊದಮೊದಲು ಮೇಲಿನವರು ಗೊಣಗಿದರು. ಈಗ ಆಪರೇಷನ್ ಕೋಣೆಯಲ್ಲೂ ಎಣಿಕೆ ತಡವರಿಸಿದರೆ ನರ್ಸ್‌ಗಳು “ಅಕ್ಕನ ಲೆಕ್ಕ ಹಿಡಿ” ಎನ್ನುತ್ತಾರೆ. ಆ ಮಾತು ಎಲ್ಲಿಂದ ಬಂತೆಂದು ಅವರಲ್ಲಿ ಹಲವರಿಗೆ ಗೊತ್ತಿಲ್ಲ. ಅಕ್ಕನೂ ಹೇಳಲು ಹೋಗಿಲ್ಲ. ಮಧ್ಯಾಹ್ನ ಬಟ್ಟೆ ಕೋಣೆಯ ಕಪಾಟುಗಳ ನಡುವೆ, ಒಗೆದ ಹಸಿರು ಬಟ್ಟೆಯೊಂದನ್ನು ಹಾಸಿಕೊಂಡು ನಮಾಜಿಗೆ ನಿಲ್ಲುತ್ತಾರೆ. ಹತ್ತು ನಿಮಿಷ. ಹೊರಬಂದು ಕೈಗವಸು ಹಾಕಿಕೊಳ್ಳುತ್ತಾರೆ.

ಗಂಡನ ಸ್ಥಿತಿ ಇಳಿಯುತ್ತಲೇ ಇದೆ. ಹೆಂಡತಿಯನ್ನು ಅವರು ಒಮ್ಮೊಮ್ಮೆ ತಂಗಿ ಎನ್ನುತ್ತಾರೆ, ಒಮ್ಮೊಮ್ಮೆ ಗಿರಾಕಿ ಎಂದುಕೊಂಡು ಭುಜದ ಅಳತೆ ತೆಗೆಯಲು ಬರುತ್ತಾರೆ. ಮಸೀದಿಯಿಂದ ಬಾಂಗ್ ಕೇಳಿದೊಡನೆ ಮಾತ್ರ ಕೈಗಳು ತಾವಾಗಿ ಕಿವಿಯವರೆಗೆ ಏಳುತ್ತವೆ. ಅಕ್ಕ ತಮ್ಮ ನಮಾಜು ಮೊದಲು ಮುಗಿಸಿ ಅವರ ಹಿಂದೆ ಗೋಡೆಗೊರಗಿ ಕೂರುತ್ತಾರೆ. ಸೂರ್ಯ ಮುಳುಗಿದ ಮೇಲಿನ ನಮಾಜಿಗೆ ಮೂರು ರಕಅತ್ ಇರಬೇಕಾದಲ್ಲಿ ಅವರು ಒಂದು ದಿನ ಆರು ಮಾಡುತ್ತಾರೆ, ಇನ್ನೊಂದು ದಿನ ಒಂದಕ್ಕೇ ಎದ್ದು ಹೋಗುತ್ತಾರೆ.

“ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರಿಗೆ ಲೆಕ್ಕ ಇಲ್ಲ ಅಂತ ಅಜ್ಜಿ ಹೇಳಿದ್ದಾರೆ,” ಎನ್ನುತ್ತಾರೆ ಅಕ್ಕ. “ಅಲ್ಲಾಹನೇ ಎಣಿಸಲ್ಲ ಅಂದ್ಮೇಲೆ ನಾನ್ಯಾಕೆ ಎಣಿಸ್ಲಿ? ದಿನಕ್ಕೆ ಸಾವಿರ ಎಣಿಸ್ತೀನಿ, ಅದೊಂದನ್ನ ಎಣಿಸಲ್ಲ. ಸುಮ್ಮನೆ ನೋಡ್ತಾ ಕೂತಿರ್ತೀನಿ.”

ಭಯ ಹೋಯಿತೇ? ಅವರು ಕೈಗವಸು ಕಳಚಿ, ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಾರೆ. “ಇದೆ. ಆದ್ರೆ ಈಗ ಅದನ್ನ ಒಬ್ಬಳೇ ಹೊತ್ಕೊಂಡಿಲ್ಲ. ಮೊದಲು ದುವಾದಲ್ಲಿ, ಅವರ ನೆನಪು ವಾಪಸ್ ಕೊಡು ಅಂತ ಹಟ ಮಾಡ್ತಿದ್ದೆ. ಈಗ ಕೇಳೋದು ಇಷ್ಟೇ. ನನ್ನ ನೆನಪು ಅವರಿಗಿಂತ ಒಂದು ದಿನ ಜಾಸ್ತಿ ಬಾಳಲಿ. ಒಂದೇ ದಿನ. ಅಷ್ಟಿದ್ರೆ ಅವರನ್ನ ಸರಿಯಾಗಿ ಕಳಿಸಿಕೊಡ್ತೀನಿ.”